ಸ್ತಬ್ಧವಾದ ಓಪನ್ ಸೋರ್ಸ್ ಯೋಜನೆಯನ್ನು ಹೊಸಬರು ಮತ್ತೆ ನಡೆಸುವ ಬಗೆ

ಓಪನ್ ಸೋರ್ಸ್ ತಂತ್ರಾಂಶಕ್ಕೆ ಸಾವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೋಡ್ ಎಲ್ಲರಿಗೂ ತೆರೆದಿರುವುದರಿಂದ, ಬರೆದವರು ಕೈಬಿಟ್ಟರೂ ಬೇರೆ ಯಾರಾದರೂ ಅದನ್ನು ಎತ್ತಿಕೊಂಡು ಮುಂದುವರಿಸಬಹುದು ಎಂಬುದು ಆ ಮಾತಿನ ಆಧಾರ. ಕಾನೂನಿನ ಮಟ್ಟಿಗೆ ಇದು ನಿಜ. ಆದರೆ ಒಂದು ಯೋಜನೆಯನ್ನು ನಡೆಸಿಕೊಂಡು ಹೋಗಲು ಬೇಕಾದ ಸಂಗತಿಗಳಲ್ಲಿ ಬಹುಪಾಲು ಕೋಡ್‌ನೊಳಗೆ ಇರುವುದೇ ಇಲ್ಲ. ಯಾವ ದೋಷವನ್ನು ಕಾರಣವಿದ್ದೇ ಹಾಗೆ ಬಿಡಲಾಗಿದೆ, ಹೊಸ ಆವೃತ್ತಿಗೆ ಸಹಿ ಹಾಕುವ ಡಿಜಿಟಲ್ ಕೀಲಿ ಯಾರ ಕಂಪ್ಯೂಟರಿನಲ್ಲಿದೆ, ಜಾಲತಾಣದ ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಹೊರಗಿನಿಂದ ಬಂದ ಪ್ಯಾಚ್ ಅನ್ನು, ಎಂದರೆ ಕೋಡ್‌ನ ತಿದ್ದುಪಡಿಯನ್ನು, ಯಾರು ಓದಿ ಒಪ್ಪಬೇಕು ಎಂಬಂಥ ತಿಳಿವಳಿಕೆ ಒಬ್ಬಿಬ್ಬರ ತಲೆಯಲ್ಲಿಯೂ ಅವರ ಹಳೆಯ ಇಮೇಲ್‌ಗಳಲ್ಲಿಯೂ ಉಳಿದಿರುತ್ತದೆ. ಆ ಒಬ್ಬಿಬ್ಬರು ಉದ್ಯೋಗ, ಸಂಸಾರ, ಅನಾರೋಗ್ಯ ಅಥವಾ ಬರಿಯ ದಣಿವಿನಿಂದ ದೂರವಾದಾಗ ಯೋಜನೆ ನಿಲ್ಲುತ್ತದೆ. ಅದನ್ನು ಮತ್ತೆ ನಡೆಸುವುದೆಂದರೆ ಈ ತಿಳಿವಳಿಕೆಯನ್ನೂ ಅದರ ಜೊತೆಗಿರುವ ಅಧಿಕಾರವನ್ನೂ ಪರಿಚಯವಿಲ್ಲದವರ ಕೈಗೆ ಸುರಕ್ಷಿತವಾಗಿ ದಾಟಿಸುವುದು. ಹೊಸ ಕೋಡ್ ಬರೆಯುವುದು ಅದಕ್ಕೆ ಹೋಲಿಸಿದರೆ ಸುಲಭದ ಭಾಗ.

ಸದ್ದಿಲ್ಲದೆ ಇರುವ ಯೋಜನೆಯೆಲ್ಲ ನಿಂತುಹೋದ ಯೋಜನೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಡೊನಾಲ್ಡ್ ಕ್ನೂತ್ ರೂಪಿಸಿದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದನ್ನು ಅವರು ದಶಕಗಳ ಹಿಂದೆಯೇ ನಿಲ್ಲಿಸಿದರು. ವರದಿಯಾದ ತಪ್ಪುಗಳನ್ನು ಹಲವು ವರ್ಷಗಳಿಗೊಮ್ಮೆ ಒಟ್ಟಾಗಿ ನೋಡಿ ತಿದ್ದುತ್ತಾರೆ. 2014ರ ತಿದ್ದುಪಡಿಯ ನಂತರ ಮುಂದಿನದು ಬಂದದ್ದು 2021ರಲ್ಲಿ. ಪ್ರತಿ ಬಾರಿಯೂ ಆವೃತ್ತಿ ಸಂಖ್ಯೆಗೆ ಗಣಿತದ ಪೈ (π) ಸಂಖ್ಯೆಯ ಇನ್ನೊಂದು ಅಂಕಿ ಸೇರುತ್ತದೆ, 2021ರದ್ದು 3.141592653. ಏಳು ವರ್ಷ ಹೊಸ ಆವೃತ್ತಿ ಬರಲಿಲ್ಲವೆಂದು ಟೆಕ್ ಅನ್ನು ಯಾರೂ ನಿರ್ಜೀವ ಎನ್ನಲಾರರು. ಆದ್ದರಿಂದ ಯೋಜನೆಯೊಂದರ ಸ್ಥಿತಿಯನ್ನು ಅಳೆಯುವಾಗ ಕೊನೆಯ ಆವೃತ್ತಿಯ ದಿನಾಂಕ ನೋಡಿದರೆ ಸಾಲದು. ಭದ್ರತೆಗೆ ಸಂಬಂಧಿಸಿದ ದೂರು ಕೊಟ್ಟರೆ ಉತ್ತರ ಬರುತ್ತದೆಯೇ, ಕೋಡ್ ಅನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತಿರುಗಿಸುವ ಇಂದಿನ ಕಂಪೈಲರ್‌ನಲ್ಲಿ ಅದು ಬಿಲ್ಡ್ ಆಗುತ್ತದೆಯೇ, ತಿಂಗಳುಗಟ್ಟಲೆ ಹಿಂದೆ ಬಂದ ಪ್ಯಾಚ್‌ಗಳು ಓದುವವರಿಲ್ಲದೆ ಬಿದ್ದಿವೆಯೇ ಎಂಬ ಪ್ರಶ್ನೆಗಳೇ ನಿಜವಾದ ಅಳತೆ. ಬೇಡಿಕೆ ಇದ್ದೂ ಉತ್ತರಿಸುವವರಿಲ್ಲದ ಸ್ಥಿತಿಯನ್ನು ಸ್ತಬ್ಧತೆ ಎನ್ನಬೇಕು.

ಇಂಥ ಸ್ತಬ್ಧತೆ ಹೊರನೋಟಕ್ಕೆ ಕಾಣದೆಯೂ ಇರಬಹುದು ಎಂಬುದಕ್ಕೆ ಓಪನ್‌ಎಸ್‌ಎಸ್‌ಎಲ್‌ಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಬ್ಯಾಂಕಿನ ಜಾಲತಾಣ ತೆರೆದಾಗ ನಮ್ಮ ಬ್ರೌಸರ್‌ಗೂ ಅವರ ಸರ್ವರ್‌ಗೂ ನಡುವೆ ನಡೆಯುವ ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸುವ ಕೆಲಸವನ್ನು ಜಗತ್ತಿನ ಅಸಂಖ್ಯ ಸರ್ವರ್‌ಗಳಲ್ಲಿ ಈ ಲೈಬ್ರರಿಯೇ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಮಾಡುತ್ತದೆ. ಇದರ ಹುಟ್ಟೇ ಒಂದು ಪುನರುಜ್ಜೀವನದಿಂದ ಆದದ್ದು. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬಿಬ್ಬರು ಎಸ್‌ಎಸ್‌ಎಲ್‌ಇಎವೈ ಎಂಬ ಲೈಬ್ರರಿಯನ್ನು ಬರೆದು ಮುಕ್ತವಾಗಿ ಹಂಚಿದ್ದರು. 1998ರ ಕೊನೆಯಲ್ಲಿ ಅವರು ಆರ್‌ಎಸ್‌ಎ ಸೆಕ್ಯುರಿಟಿ ಸಂಸ್ಥೆಯ ಕೆಲಸಕ್ಕೆ ಸೇರಿದಾಗ ಆ ಯೋಜನೆ ನಿಂತಿತು. ಅದನ್ನು ಬಳಸುತ್ತಿದ್ದ ಕೆಲವರು ಕೂಡಿ ಅದೇ ಡಿಸೆಂಬರಿನಲ್ಲಿ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಮುಂದಿನ ಹದಿನೈದು ವರ್ಷಗಳಲ್ಲಿ ಬಳಕೆ ಬೆಳೆಯುತ್ತ ಹೋಯಿತು, ಕೆಲಸ ಮಾಡುವವರ ಸಂಖ್ಯೆ ಬೆಳೆಯಲಿಲ್ಲ. 2014ರ ಹೊತ್ತಿಗೆ ಅದರ ಮೇಲೆ ಪೂರ್ಣಾವಧಿಗೆ ಕೆಲಸ ಮಾಡುತ್ತಿದ್ದವರು ಒಬ್ಬರೇ, ಸ್ಟೀಫನ್ ಹೆನ್ಸನ್. ದೇಣಿಗೆಯಾಗಿ ಬರುತ್ತಿದ್ದ ಹಣ ವರ್ಷಕ್ಕೆ ಸುಮಾರು 2,000 ಡಾಲರ್. ಉಳಿದದ್ದು ಕಂಪನಿಗಳಿಗೆ ಮಾಡಿಕೊಡುತ್ತಿದ್ದ ಗುತ್ತಿಗೆ ಕೆಲಸದಿಂದ ಬರಬೇಕಿತ್ತು. ಗುತ್ತಿಗೆ ಕೊಟ್ಟವರು ಕೇಳುತ್ತಿದ್ದುದು ಹೊಸ ಸೌಲಭ್ಯಗಳನ್ನು. ಹಳೆಯ ಕೋಡ್ ಅನ್ನು ಓದಿ ಶುಚಿಗೊಳಿಸಲು ಹಣ ಕೊಡುವವರು ಯಾರೂ ಇರಲಿಲ್ಲ.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ದೋಷ ಬಹಿರಂಗವಾಯಿತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕೆಲಸ ಮಾಡುವವರಿಲ್ಲದ ಯೋಜನೆಯಲ್ಲಿ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಬದಿಯವರು ಒಂದಿಷ್ಟು ಅಕ್ಷರಗಳನ್ನೂ ಅವುಗಳ ಉದ್ದವನ್ನೂ ಕಳಿಸುತ್ತಾರೆ; ಇನ್ನೊಂದು ಬದಿ ಅಷ್ಟನ್ನೇ ಹಿಂದಿರುಗಿಸಬೇಕು. ಓಪನ್‌ಎಸ್‌ಎಸ್‌ಎಲ್‌ನ ಕೋಡ್, ಕಳಿಸಿದವರು ಹೇಳಿದ ಉದ್ದವನ್ನು ಪರಿಶೀಲಿಸದೆ ನಂಬುತ್ತಿತ್ತು. ನಾಲ್ಕು ಅಕ್ಷರ ಕಳಿಸಿ 64 ಕಿಲೋಬೈಟ್ ಕಳಿಸಿದ್ದೇನೆಂದು ಹೇಳಿದರೆ, ಆ ನಾಲ್ಕು ಅಕ್ಷರಗಳ ಜೊತೆಗೆ ಮೆಮೊರಿಯಲ್ಲಿ ಅವುಗಳ ಪಕ್ಕದಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳಿರಬಹುದು, ಸರ್ವರ್‌ನ ಖಾಸಗಿ ಕೀಲಿಯೇ ಇರಬಹುದು. ಹೊರಗಿನ ಕೊಡುಗೆದಾರರೊಬ್ಬರು ಬರೆದ ಈ ಭಾಗವನ್ನು ತಂಡದ ಒಬ್ಬರೇ ಓದಿ, 2011ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷ ಹುಟ್ಟುವ ಸ್ವಲ್ಪ ಮೊದಲು ಸೇರಿಸಿದ್ದರು. 2012ರ ಮಾರ್ಚ್‌ನಲ್ಲಿ 1.0.1 ಆವೃತ್ತಿಯೊಂದಿಗೆ ಅದು ಜಗತ್ತಿಗೆಲ್ಲ ಹರಡಿತು. ಎರಡು ವರ್ಷ ಅದನ್ನು ಇನ್ನೊಬ್ಬರು ಗಮನವಿಟ್ಟು ಓದಲಿಲ್ಲ. ಓದಲು ಬಿಡುವಿದ್ದವರು ಇರಲಿಲ್ಲ ಎನ್ನುವುದೇ ನ್ಯಾಯವಾದ ಮಾತು. ಬರೆದವರನ್ನಾಗಲಿ ಒಪ್ಪಿದವರನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ.

ಮುಂದೆ ನಡೆದದ್ದು ಯಾವುದೇ ಸ್ತಬ್ಧ ಯೋಜನೆಯನ್ನು ಎಬ್ಬಿಸಲು ಹೊರಟವರು ಅಭ್ಯಾಸ ಮಾಡಬೇಕಾದ ಪಾಠ. ಲಿನಕ್ಸ್ ಫೌಂಡೇಶನ್ ಹಲವು ದೊಡ್ಡ ಕಂಪನಿಗಳನ್ನು ಸೇರಿಸಿ ಒಂದು ನಿಧಿ ಸ್ಥಾಪಿಸಿತು. ಅದರಿಂದ ಇಬ್ಬರು ಪೂರ್ಣಾವಧಿ ಡೆವಲಪರ್‌ಗಳಿಗೆ ಸಂಬಳ ಬಂತು. ತಂಡಕ್ಕೆ ಹೊಸಬರು ಸೇರಿ, ವರ್ಷ ಮುಗಿಯುವುದರೊಳಗೆ ಅದು ಹಲವು ಪಟ್ಟು ದೊಡ್ಡದಾಯಿತು. ಮೂಲ ಲೈಬ್ರರಿಯನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಟಿಮ್ ಹಡ್ಸನ್ ಕೂಡ ಇಷ್ಟು ವರ್ಷಗಳ ಮೇಲೆ ತಂಡಕ್ಕೆ ಬಂದರು. ಆದರೆ ಹಣ ಮತ್ತು ಜನರಿಗಿಂತ ನನ್ನ ಗಮನ ಸೆಳೆಯುವುದು 2014ರ ಜೂನ್ 30ರಂದು ಅವರು ಪ್ರಕಟಿಸಿದ ಮುನ್ನೋಟದ ದಾಖಲೆ. ಅದರಲ್ಲಿ ಅವರು ಒಪ್ಪಿಕೊಂಡದ್ದು ಇದು: ದೋಷವರದಿಗಳ ರಾಶಿ ಬೆಳೆದಿದೆ, ಅದರಲ್ಲಿ ಕೆಲವು ವರ್ಷಗಳಷ್ಟು ಹಳೆಯವು. ದಾಖಲಾತಿ ಅಪೂರ್ಣವಾಗಿದೆ, ಕೆಲವೆಡೆ ತಪ್ಪಾಗಿದೆ. ಲೈಬ್ರರಿ ಬಹಳ ಜಟಿಲವಾಗಿದೆ. ಕೋಡ್ ಬರೆಯುವ ಶೈಲಿಯಲ್ಲಿ ಏಕರೂಪತೆ ಇಲ್ಲ. ಬರೆದ ಕೋಡ್ ಅನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಇಲ್ಲ. ಯಾವಾಗ ಯಾವ ಆವೃತ್ತಿ ಬರುತ್ತದೆ, ಯಾವ ವೇದಿಕೆಗಳಿಗೆ ಬೆಂಬಲವಿದೆ, ಭದ್ರತಾ ದೋಷ ಬಂದರೆ ಯಾರಿಗೆ ಯಾವಾಗ ತಿಳಿಸಲಾಗುತ್ತದೆ ಎಂಬುದಕ್ಕೆ ಪ್ರಕಟಿತ ನಿಯಮವಿಲ್ಲ. ಯೋಜನೆಯವರೇ ತಮ್ಮ ಹೆಸರಿನಲ್ಲಿ ಇಷ್ಟನ್ನೂ ಬರೆದು ಎಲ್ಲರ ಮುಂದೆ ಇಟ್ಟರು. ಆ ಪಟ್ಟಿಯಲ್ಲಿ ಒಂದೇ ಒಂದು ಹೊಸ ಸೌಲಭ್ಯದ ಕೊರತೆಯೂ ಸಮಸ್ಯೆಯಾಗಿ ದಾಖಲಾಗಿಲ್ಲ. ಎಲ್ಲವೂ ಹೊಸಬರೊಬ್ಬರು ಒಳಗೆ ಬರಲು ಅಡ್ಡಿಯಾಗಿದ್ದ ಸಂಗತಿಗಳೇ.

ಆ ಪಟ್ಟಿಯನ್ನು ಅವರು ಒಂದೊಂದಾಗಿ ಇಳಿಸಿದರು. ಬರೆದವರನ್ನು ಬಿಟ್ಟು ಇನ್ನೊಬ್ಬರು ಓದಿ ಒಪ್ಪದೆ ಯಾವ ಬದಲಾವಣೆಯೂ ಒಳಗೆ ಹೋಗಕೂಡದೆಂಬ ನಿಯಮ ಬಂತು. ಇಂದು ಓಪನ್‌ಎಸ್‌ಎಸ್‌ಎಲ್‌ನ ಯಾವುದೇ ಕಮಿಟ್ (ದಾಖಲಾದ ಬದಲಾವಣೆ) ತೆರೆದು ನೋಡಿದರೆ, ಕೊನೆಯಲ್ಲಿ ಅದನ್ನು ಪರಿಶೀಲಿಸಿದವರ ಹೆಸರು ಒಂದು ಸಾಲಿನಲ್ಲಿ ಇರುತ್ತದೆ. ಬದಲಾವಣೆ ಒಂದು ಅಲ್ಪವಿರಾಮದ್ದಾದರೂ ಆ ಸಾಲು ತಪ್ಪುವುದಿಲ್ಲ. 2015ರ ಜನವರಿಯಲ್ಲಿ, 1.0.2 ಆವೃತ್ತಿಗೆ ಸ್ವಲ್ಪ ಮೊದಲು, ಇಡೀ ಮೂಲಕೋಡ್ ಅನ್ನು ಒಂದೇ ಶೈಲಿಗೆ ತಿರುಗಿಸಿದರು. ಇದು ಕೇಳುವಷ್ಟು ಸಣ್ಣ ನಿರ್ಧಾರವಲ್ಲ: ಪ್ರತಿ ಕಡತದ ಬಹುಪಾಲು ಸಾಲುಗಳು ಬದಲಾದ್ದರಿಂದ, ಹೊರಗಿನವರು ಹಳೆಯ ಕೋಡ್‌ಗೆ ಹೊಂದುವಂತೆ ಇಟ್ಟುಕೊಂಡಿದ್ದ ಪ್ಯಾಚ್‌ಗಳು ಹೊಸ ಕೋಡ್‌ಗೆ ಸೇರದಾದವು. ಆದರೂ ಮಾಡಿದರು, ಏಕೆಂದರೆ ಓದಲಾಗದ ಕೋಡ್‌ಗೆ ಓದುಗರನ್ನು ಕರೆಯುವುದು ವ್ಯರ್ಥ. ಹಳೆಯ ಲೈಸೆನ್ಸ್ ಬೇರೆ ಹಲವು ಯೋಜನೆಗಳ ಲೈಸೆನ್ಸ್‌ನೊಂದಿಗೆ ಹೊಂದುತ್ತಿರಲಿಲ್ಲ. ಅದನ್ನು ಅಪಾಚೆ 2.0 ಲೈಸೆನ್ಸ್‌ಗೆ ಬದಲಾಯಿಸುವ ಯತ್ನವನ್ನು 2017ರಲ್ಲಿ ಆರಂಭಿಸಿ, ಅಷ್ಟು ವರ್ಷಗಳಲ್ಲಿ ಕೋಡ್ ಕೊಟ್ಟಿದ್ದ ಹಲವು ನೂರು ಜನರಿಗೆ ಬರೆದು ಒಪ್ಪಿಗೆ ಕೇಳಿದರು. ಹೊಸ ಲೈಸೆನ್ಸ್ ಹೊತ್ತ 3.0 ಆವೃತ್ತಿ ಹೊರಬಂದದ್ದು 2021ರ ಸೆಪ್ಟೆಂಬರ್ 7ರಂದು. ಹಾರ್ಟ್‌ಬ್ಲೀಡ್‌ನಿಂದ ಅಲ್ಲಿಗೆ ಏಳು ವರ್ಷ. ಹಣ, ಜನ, ಜಗತ್ತಿನ ಗಮನ ಎಲ್ಲವೂ ಇದ್ದ ಯೋಜನೆಗೆ ಇಷ್ಟು ಕಾಲ ಹಿಡಿಯಿತು ಎಂಬುದನ್ನು, ಒಂದು ವಾರಾಂತ್ಯದಲ್ಲಿ ಹಳೆಯ ಯೋಜನೆಗೆ ಜೀವ ತುಂಬುತ್ತೇನೆಂದು ಹೊರಡುವ ಉತ್ಸಾಹಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹೆಚ್ಚಿನ ಯೋಜನೆಗಳಿಗೆ ಇಂಥ ಗಮನ ಸಿಗುವುದಿಲ್ಲ. ಅಲ್ಲಿ ಹೊಸಬರ ಮೊದಲ ಕೆಲಸ ಹಳಬರನ್ನು ಹುಡುಕುವುದು. ಕೋಡ್ ಅನ್ನು ನಕಲು ಮಾಡಿಕೊಂಡು ಹೋಗುವ ಹಕ್ಕು ಲೈಸೆನ್ಸ್‌ನಿಂದಲೇ ದೊರೆಯುತ್ತದೆ. ಆದರೆ ಆ ಹೆಸರಿನಲ್ಲಿ, ಅದೇ ವಿಳಾಸದಿಂದ ಹೊಸ ಆವೃತ್ತಿ ಹೊರತರುವ ಹಕ್ಕು ಅದರಿಂದ ಬರುವುದಿಲ್ಲ. ಈ ಎರಡನೆಯದಕ್ಕೆ ಬೆಲೆ ಹೆಚ್ಚು. ಬಳಕೆದಾರರ ಕಂಪ್ಯೂಟರುಗಳು ನೆಚ್ಚಿಕೊಂಡಿರುವುದು ಆ ಹೆಸರನ್ನೇ, ಅಪ್‌ಡೇಟ್ ಬರುವುದು ಅದರ ಮೂಲಕವೇ. ಹಾಗಾಗಿ ಹೆಸರಿನ ಹಸ್ತಾಂತರಕ್ಕೆ ದೊಡ್ಡ ಸಮುದಾಯಗಳು ನಿಧಾನವಾದ, ಬರೆದಿಟ್ಟ ಕ್ರಮಗಳನ್ನು ಮಾಡಿಕೊಂಡಿವೆ. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಪ್ಯಾಕೇಜ್‌ನ (ಹಂಚಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟಿನ) ನಿರ್ವಾಹಕರೇ ಸಹಾಯ ಬೇಕೆಂದೋ, ದತ್ತು ತೆಗೆದುಕೊಳ್ಳುವವರು ಬೇಕೆಂದೋ, ಇದು ಇನ್ನು ಅನಾಥ ಎಂದೋ ಘೋಷಿಸಬಹುದು. ಅನಾಥ ಪ್ಯಾಕೇಜ್‌ಗಳನ್ನು ಗುಣಮಟ್ಟ ನೋಡಿಕೊಳ್ಳುವ ಗುಂಪು ತಾತ್ಕಾಲಿಕವಾಗಿ ಸಲಹುತ್ತದೆ. ನಿರ್ವಾಹಕರು ಏನನ್ನೂ ಹೇಳದೆ ಕಾಣೆಯಾಗಿದ್ದರೆ, ಅದನ್ನು ಉಳಿಸಿಕೊಳ್ಳಲು ಬಯಸುವವರು ತಮ್ಮ ಉದ್ದೇಶವನ್ನು ದೋಷವರದಿಯ ರೂಪದಲ್ಲಿ ಬಹಿರಂಗವಾಗಿ ಬರೆದು 21 ದಿನ ಕಾಯಬೇಕು, ಆಕ್ಷೇಪಣೆ ಬಾರದಿದ್ದರೆ ಹೊಸ ಪ್ಯಾಕೇಜ್ ಅನ್ನು ಇನ್ನೂ ಏಳು ದಿನದ ಸರದಿಯಲ್ಲಿ ಇಡಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐ ನಿಯಮ ಇದಕ್ಕಿಂತ ಬಿಗಿ. ವರ್ಷವಿಡೀ ಹೊಸ ಆವೃತ್ತಿ ಇಲ್ಲದೆ, ಮಾಲೀಕರ ಚಟುವಟಿಕೆಯೂ ಇಲ್ಲದೆ, ಆರು ವಾರಗಳಲ್ಲಿ ಕನಿಷ್ಠ ಮೂರು ಬಾರಿ ಸಂಪರ್ಕಿಸಿದರೂ ಉತ್ತರ ಬಾರದಿದ್ದರೆ ಮಾತ್ರ ಯೋಜನೆಯನ್ನು ಕೈಬಿಟ್ಟದ್ದೆಂದು ಪರಿಗಣಿಸುತ್ತಾರೆ. ಅಷ್ಟಾದ ಮೇಲೂ ಹೆಸರು ಕೇಳುವವರು ತಮ್ಮದೇ ನಕಲಿನಲ್ಲಿ ಆಗಲೇ ಏನನ್ನು ಸುಧಾರಿಸಿದ್ದೇವೆಂದು ತೋರಿಸಬೇಕು, ಬೇರೆ ಹೆಸರು ಏಕೆ ಸಾಲದೆಂದು ವಿವರಿಸಬೇಕು. ಹೆಸರು ಕೇಳುವ ಮೊದಲು ಕೆಲಸ ಮಾಡಿ ತೋರಿಸು ಎಂಬ ಈ ಷರತ್ತು ನನಗೆ ಬಹಳ ಸರಿ ಎನಿಸುತ್ತದೆ.

ಹಳಬರು ಸಿಕ್ಕಿದರೆ ಅವರನ್ನು ಕೇಳಬೇಕಾದದ್ದು ಮಾಲೀಕತ್ವವನ್ನಲ್ಲ. ಸಹನಿರ್ವಾಹಕರಾಗಿ ಸೇರಿಸಿಕೊಳ್ಳಿರೆಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು, ಮತ್ತು ಅವರ ನೆನಪು ಯೋಜನೆಯ ಬಳಿಯೇ ಉಳಿಯುತ್ತದೆ. ಕೋಡ್ ಇಟ್ಟಿರುವ ರೆಪೊಸಿಟರಿ, ಡೊಮೇನ್, ಪ್ಯಾಕೇಜ್ ಏರಿಸುವ ಖಾತೆ, ಸಹಿಯ ಕೀಲಿ, ಭದ್ರತಾ ದೂರುಗಳು ಬರುವ ಇಮೇಲ್ ವಿಳಾಸ ಇವೆಲ್ಲ ಯಾರ ಬಳಿ ಇವೆ ಎಂದು ಒಮ್ಮೆ ಬರೆಸಿಕೊಳ್ಳಬೇಕು. ಒಂದು ಗಂಟೆಯ ಇಂಥ ಮಾತುಕತೆಯಿಂದ ಸಿಗುವುದು ತಿಂಗಳುಗಟ್ಟಲೆ ಕೋಡ್ ಓದಿದರೂ ಸಿಗುವುದಿಲ್ಲ.

ಆನಂತರದ ಕೆಲಸ ಊರಿನ ಕೆರೆಯ ಹೂಳೆತ್ತಿದ ಹಾಗೆ: ಶ್ರಮ ಬಹಳ, ನೀರು ನಿಲ್ಲುವವರೆಗೆ ಹೊರಗಿನವರಿಗೆ ಕಾಣುವುದು ಕೆಸರು ಮಾತ್ರ. ಹೊಸ ಕಂಪ್ಯೂಟರಿನಲ್ಲಿ, ಯಾರನ್ನೂ ಕೇಳದೆ, ಬರೆದಿಟ್ಟ ಸೂಚನೆಗಳನ್ನಷ್ಟೇ ಅನುಸರಿಸಿ ಯೋಜನೆಯನ್ನು ಬಿಲ್ಡ್ ಮಾಡಲು ಯತ್ನಿಸಬೇಕು. ಹತ್ತು ವರ್ಷ ಹಳೆಯ ಯೋಜನೆಯಲ್ಲಿ ಇದು ಮೊದಲ ಸಲ ಆಗುವುದೇ ಇಲ್ಲ. ಅವಲಂಬಿಸಿದ ಲೈಬ್ರರಿಯ ಹಳೆಯ ಆವೃತ್ತಿ ಈಗ ಎಲ್ಲಿಯೂ ದೊರೆಯುವುದಿಲ್ಲ, ಪೈಥಾನ್ 2ಕ್ಕೆ ಬರೆದ ಸ್ಕ್ರಿಪ್ಟ್ 3ರಲ್ಲಿ ಓಡುವುದಿಲ್ಲ, ಆಗ ಬರಿಯ ಎಚ್ಚರಿಕೆ ಕೊಡುತ್ತಿದ್ದ ಸಾಲನ್ನು ಇಂದಿನ ಕಂಪೈಲರ್ ದೋಷವೆಂದು ನಿರಾಕರಿಸುತ್ತದೆ. ಎದುರಾದ ಪ್ರತಿ ತೊಡಕನ್ನೂ ಬಗೆಹರಿಸಿದ ಕೂಡಲೇ ಅದನ್ನು ಸೂಚನೆಗಳ ಕಡತದಲ್ಲಿ ಬರೆಯಬೇಕು, ಏಕೆಂದರೆ ಹೊಸಬರ ಕಣ್ಣು ಕೆಲವೇ ವಾರ ಹೊಸದಾಗಿರುತ್ತದೆ; ಆಮೇಲೆ ಆ ತೊಡಕು ಅವರಿಗೂ ಸಹಜವಾಗಿಬಿಡುತ್ತದೆ. ಬಿಲ್ಡ್ ಆದ ಮೇಲೆ ಟೆಸ್ಟ್‌ಗಳು. ಇಲ್ಲದಿದ್ದರೆ ತಂತ್ರಾಂಶ ಇಂದು ಹೇಗೆ ವರ್ತಿಸುತ್ತಿದೆಯೋ ಹಾಗೆಯೇ, ಸರಿಯೋ ತಪ್ಪೋ ಎಂದು ನೋಡದೆ, ದಾಖಲಿಸುವ ಟೆಸ್ಟ್‌ಗಳನ್ನು ಬರೆಯಬೇಕು. ಹಳೆಯ ಕೋಡ್ ಅನ್ನು ಮುಟ್ಟಲು ಧೈರ್ಯ ಬರುವುದು ಅವುಗಳಿಂದಲೇ. ಇದಾದ ಮೇಲೆ, ಬಹಳ ದಿನದಿಂದ ಬಿದ್ದಿರುವ ಒಳ್ಳೆಯ ಪ್ಯಾಚ್‌ಗಳಲ್ಲಿ ಕೆಲವನ್ನು ಸೇರಿಸಿ ಒಂದು ಸಣ್ಣ ಆವೃತ್ತಿಯನ್ನು ಹೊರತರಬೇಕು. ಅದರಲ್ಲಿ ಹೊಸದೇನೂ ಇರಬೇಕಾಗಿಲ್ಲ. ಬಿಲ್ಡ್‌ನಿಂದ ಸಹಿಯವರೆಗೆ, ಅಲ್ಲಿಂದ ಬಳಕೆದಾರರ ಕೈಯವರೆಗೆ ಇಡೀ ದಾರಿ ತೆರೆದಿದೆಯೆಂದು ತಿಳಿಯುವುದೇ ಅದರ ಪ್ರಯೋಜನ. ವರ್ಷಗಳ ಹಿಂದೆ ಪ್ಯಾಚ್ ಕಳಿಸಿ ನಿರಾಶರಾಗಿದ್ದವರಲ್ಲಿ ಒಬ್ಬಿಬ್ಬರು ಹಿಂದಿರುಗುವುದೂ ಆಗಲೇ.

ಎಲ್ಲವನ್ನೂ ಹೊಸದಾಗಿ ಬರೆದುಬಿಡೋಣ ಎಂಬ ಆಸೆ ಈ ಹಂತದಲ್ಲಿ ಬಹುತೇಕ ಎಲ್ಲರಿಗೂ ಬರುತ್ತದೆ. ಹಳೆಯ ಕೋಡ್‌ನಲ್ಲಿ ವಿಕಾರವಾಗಿ ಕಾಣುವ ಹತ್ತು ಸಾಲುಗಳು ಯಾವುದೋ ಕಂಪ್ಯೂಟರಿನಲ್ಲಿ ಯಾರಿಗೋ ಬಂದ ತೊಂದರೆಗೆ ಕಂಡುಕೊಂಡ ಪರಿಹಾರವಾಗಿರುತ್ತವೆ. ಅವನ್ನು ಅಳಿಸಿದರೆ ಆ ತೊಂದರೆ ಮರಳಿ ಬರುತ್ತದೆ, ಅದರ ಕಾರಣ ಬಲ್ಲವರು ಈಗ ಇರುವುದಿಲ್ಲ. ಈ ಆಸೆಯನ್ನು ಕನಿಷ್ಠ ಎರಡು ಮೂರು ಆವೃತ್ತಿಗಳವರೆಗೆ ಮುಂದೂಡಬೇಕು.

ಹೊಸ ಕೊಡುಗೆದಾರರನ್ನು ಕರೆಯುವುದು ಇದರ ನಂತರದ ಮಾತು, ಮತ್ತು ಇಲ್ಲಿ ಸಂಖ್ಯೆ ಮೋಸ ಮಾಡುತ್ತದೆ. 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿಸಿಕೊಳ್ಳಬಹುದು. ನಾಲ್ಕು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ) ಕಳಿಸಿದವರಿಗೆ ಒಂದು ಟಿ-ಶರ್ಟ್ ಎಂಬ ಆ ಕಾರ್ಯಕ್ರಮದಲ್ಲಿ, ಅದ್ಭುತ ಯೋಜನೆ ಎಂಬ ಎರಡು ಪದಗಳನ್ನು ಪರಿಚಯದ ಕಡತಕ್ಕೆ ಸೇರಿಸುವಂಥ ಬದಲಾವಣೆಗಳು ಎಷ್ಟು ಬಂದವೆಂದರೆ, ಯೋಜನೆಗಳು ತಾವಾಗಿ ಒಪ್ಪಿದರೆ ಮಾತ್ರ ಲೆಕ್ಕಕ್ಕೆ ಸೇರುವಂತೆ ಸಂಘಟಕರು ನಿಯಮವನ್ನು ಅಕ್ಟೋಬರ್ ಮೊದಲ ವಾರದಲ್ಲಿಯೇ ಬದಲಾಯಿಸಬೇಕಾಯಿತು. ಪ್ರತಿಯೊಂದನ್ನೂ ಓದಿ ತಿರಸ್ಕರಿಸಲು ನಿರ್ವಾಹಕರ ಸಮಯ ಹೋಯಿತು. ಸ್ತಬ್ಧ ಯೋಜನೆಯಲ್ಲಿ ಅತ್ಯಂತ ವಿರಳವಾದದ್ದು ಈ ಓದುವವರ ಸಮಯವೇ. ಹಾಗಾಗಿ ಕರೆ ಕೊಡುವ ಮೊದಲು, ವಾರಕ್ಕೆ ಎಷ್ಟು ಪ್ಯಾಚ್‌ಗಳನ್ನು ನಿಜವಾಗಿ ಓದಿ ಉತ್ತರಿಸಬಲ್ಲೆವೆಂದು ಲೆಕ್ಕ ಹಾಕಿಕೊಳ್ಳುವುದು ಒಳಿತು. ಹೊಸಬರೊಬ್ಬರ ಮೊದಲ ಪ್ಯಾಚ್‌ಗೆ ಎರಡು ದಿನದಲ್ಲಿ ಬರುವ ಎರಡು ಸಾಲಿನ ಉತ್ತರ, ಎರಡು ತಿಂಗಳ ನಂತರ ಬರುವ ಎರಡು ಪುಟದ ವಿಮರ್ಶೆಗಿಂತ ಮೇಲು. ಅವರಿಗೆ ಕೊಡುವ ಕೆಲಸವೂ ತುದಿಮೊದಲು ಕಾಣುವಂಥದ್ದಾಗಿರಬೇಕು: ಈ ಕಡತದ ಈ ಫಂಕ್ಷನ್ ಖಾಲಿ ಕಡತ ಕೊಟ್ಟಾಗ ಕುಸಿಯುತ್ತದೆ, ಕುಸಿಯುವ ಬದಲು ದೋಷದ ಸೂಚನೆ ಕೊಡಬೇಕು, ಇದಕ್ಕೊಂದು ಟೆಸ್ಟ್ ಈ ಡೈರೆಕ್ಟರಿಯಲ್ಲಿ ಬೇಕು ಎನ್ನುವಷ್ಟು ಸ್ಪಷ್ಟವಾಗಿ. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ ಕಾರ್ಯಕ್ರಮಗಳು ಫಲ ಕೊಡುವುದು ಪ್ರತಿ ವಿದ್ಯಾರ್ಥಿಗೂ ಹೆಸರು ಹೇಳಬಹುದಾದ ಒಬ್ಬ ಮಾರ್ಗದರ್ಶಕ ಇರುತ್ತಾರೆಂಬ ಕಾರಣಕ್ಕೆ. ಭಾರತದಿಂದ ಅದಕ್ಕೆ ಪ್ರತಿ ವರ್ಷ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳು ಆಯ್ಕೆಯಾಗುತ್ತಾರೆ. ಬೇಸಿಗೆ ಮುಗಿದ ಮೇಲೆ ಅವರನ್ನು ಉಳಿಸಿಕೊಳ್ಳುವುದು ಆ ಮಾರ್ಗದರ್ಶಕರ ಮೇಲೆಯೇ ನಿಂತಿದೆ.

ಬಂದವರಲ್ಲಿ ಯಾರ ಕೈಗೆ ಕೀಲಿ ಕೊಡಬೇಕು ಎಂಬುದು ಈ ವಿಷಯದ ಅತ್ಯಂತ ಕಠಿಣ ಭಾಗ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಅನ್ನು, ತಾನು ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತ ಖಾತೆಯೊಂದಕ್ಕೆ ಅದರ ಮೂಲ ಲೇಖಕರು ಒಪ್ಪಿಸಿದರು. ಆ ಖಾತೆ ಅದರೊಳಗೆ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿತು. ಆರು ವರ್ಷದ ನಂತರ ಬಯಲಾದ ಎಕ್ಸ್‌ಝಡ್ ಪ್ರಕರಣ ಅದಕ್ಕಿಂತ ಗಂಭೀರ. ಕಡತಗಳನ್ನು ಕುಗ್ಗಿಸುವ ಈ ತಂತ್ರಾಂಶವನ್ನು ಲಾಸೆ ಕಾಲಿನ್ ಎಂಬವರು ಬಹುತೇಕ ಒಬ್ಬರೇ ನಡೆಸುತ್ತಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ಖಾತೆಯೊಂದು ಉಪಯುಕ್ತ ಪ್ಯಾಚ್‌ಗಳನ್ನು ಕಳಿಸತೊಡಗಿತು. 2022ರಲ್ಲಿ ಬೇರೆ ಹೆಸರುಗಳಿಂದ, ಯೋಜನೆ ನಿಧಾನವಾಗಿದೆ, ಹೊಸ ನಿರ್ವಾಹಕರು ಬೇಕೆಂಬ ಒತ್ತಡದ ಪತ್ರಗಳು ಬಂದವು. ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನು ಕಾಲಿನ್ ಬಹಿರಂಗವಾಗಿ ಹೇಳಿಕೊಂಡರು, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದು ನೆನಪಿಸಿದರು. ಕ್ರಮೇಣ ಜಿಯಾ ಟಾನ್ ಖಾತೆಗೆ ಆವೃತ್ತಿ ಹೊರತರುವ ಅಧಿಕಾರ ದೊರೆಯಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಎಂದರೆ ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿ, ಇತ್ತು. ದುಷ್ಟ ಕೋಡ್ ಟೆಸ್ಟ್‌ಗೆಂದು ಇಟ್ಟ ಬೈನರಿ ಕಡತಗಳೊಳಗೆ ಅಡಗಿತ್ತು. ಅದನ್ನು ಚಾಲೂ ಮಾಡುವ ಸಾಲುಗಳು ಎಲ್ಲರೂ ನೋಡಬಲ್ಲ ರೆಪೊಸಿಟರಿಯಲ್ಲಿ ಇರದೆ, ಹಂಚಿಕೆಗೆ ಸಿದ್ಧಪಡಿಸಿದ ಕಡತದಲ್ಲಿ ಮಾತ್ರ ಇದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಅದರ ಬೆನ್ನುಹತ್ತಿದ್ದರಿಂದ, ಮಾರ್ಚ್ 29ರಂದು ಇದು ಬಯಲಿಗೆ ಬಂತು.

ಈ ಪ್ರಕರಣದಿಂದ ಅಪರಿಚಿತರನ್ನು ನಂಬಲೇಬಾರದೆಂಬ ತೀರ್ಮಾನಕ್ಕೆ ಬಂದರೆ ಯಾವ ಯೋಜನೆಯೂ ಉಳಿಯಲಾರದು. ಎಲ್ಲ ಕೊಡುಗೆದಾರರೂ ಒಂದು ಕಾಲಕ್ಕೆ ಅಪರಿಚಿತರೇ. ದಣಿದ ಒಬ್ಬರ ಬದಲು ಇನ್ನೊಬ್ಬರು ಬಂದು ಕೂತರೆ ಯೋಜನೆ ಮತ್ತೆ ಒಬ್ಬರ ಕೈಯಲ್ಲಿಯೇ ಉಳಿಯುತ್ತದೆ, ದುರ್ಬಲತೆ ಹಾಗೆಯೇ ಇರುತ್ತದೆ ಎಂಬುದು ಇದರಿಂದ ತಿಳಿಯಬೇಕಾದದ್ದು. ಕೀಲಿ ಕೊಡುವಾಗ ಒಬ್ಬರಿಗಿಂತ ಹೆಚ್ಚು ಜನರಿಗೆ, ಹಂತ ಹಂತವಾಗಿ ಕೊಡಬೇಕು: ಮೊದಲು ದೋಷವರದಿಗಳನ್ನು ವಿಂಗಡಿಸುವ ಅಧಿಕಾರ, ಆಮೇಲೆ ಇನ್ನೊಬ್ಬರ ಒಪ್ಪಿಗೆಯೊಂದಿಗೆ ಕೋಡ್ ಸೇರಿಸುವ ಅಧಿಕಾರ, ಕೊನೆಗೆ ಆವೃತ್ತಿ ಹೊರತರುವುದು. ಹಂಚಿಕೆಯ ಕಡತವನ್ನು ಯಾರೊಬ್ಬರ ಸ್ವಂತ ಕಂಪ್ಯೂಟರಿನಲ್ಲಿ ಸಿದ್ಧಪಡಿಸದೆ, ರೆಪೊಸಿಟರಿಯಿಂದ ಯಾರು ಬೇಕಾದರೂ ಅದೇ ಕಡತವನ್ನು ಪುನಃ ಉತ್ಪಾದಿಸಿ ತಾಳೆ ನೋಡುವಂತೆ ಮಾಡಬೇಕು. ಅವಸರ ಮಾಡುವ ಪತ್ರ ಎಲ್ಲಿಂದಲೇ ಬರಲಿ, ಅದನ್ನು ನಿಧಾನಿಸಲು ಕಾರಣವೆಂದೇ ತಿಳಿಯಬೇಕು. ಎಕ್ಸ್‌ಝಡ್ ಮುಚ್ಚಿಹೋಗಲಿಲ್ಲ, ಕಾಲಿನ್ ಎರಡು ತಿಂಗಳ ಕಾಲ ಕೋಡ್ ಪರಿಶೀಲಿಸಿ ಮೇ 29ರಂದು ಶುದ್ಧವಾದ 5.6.2 ಆವೃತ್ತಿಯನ್ನು ಹೊರತಂದರು.

ಹಳಬರು ಇದ್ದೂ ದಾರಿ ಬಿಡದಿದ್ದರೆ ಉಳಿಯುವುದು ಫೋರ್ಕ್, ಎಂದರೆ ಕೋಡ್‌ನ ನಕಲಿನಿಂದ ಪ್ರತ್ಯೇಕ ಯೋಜನೆ ಹೂಡುವುದು. ಜಿಸಿಸಿ ಕಂಪೈಲರ್‌ನ ಅಧಿಕೃತ ಶಾಖೆಗೆ ಬದಲಾವಣೆಗಳು ಸೇರುವುದು ಬಹಳ ನಿಧಾನವಾಗಿದ್ದಾಗ, 1997ರಲ್ಲಿ ಕೆಲವರು ಇಜಿಸಿಎಸ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ, ಎಲ್ಲರಿಗೂ ತೆರೆದ ರೀತಿಯಲ್ಲಿ ಕೆಲಸ ಆರಂಭಿಸಿದರು. ಎರಡೇ ವರ್ಷದಲ್ಲಿ, 1999ರ ಏಪ್ರಿಲ್‌ನಲ್ಲಿ, ಜಿಸಿಸಿಯನ್ನು ನೋಡಿಕೊಳ್ಳುತ್ತಿದ್ದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆ ಫೋರ್ಕ್ ಅನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡಿತು. 2003ರಲ್ಲಿ ಸೋಡಿಪೋಡಿ ಎಂಬ ಚಿತ್ರರಚನೆಯ ತಂತ್ರಾಂಶದಿಂದ ಬೇರೆಯಾದ ಇಂಕ್‌ಸ್ಕೇಪ್ ಹೊಸ ಹೆಸರಿನಲ್ಲಿಯೇ ಬೆಳೆಯಿತು. ಆದರೆ ಹೆಸರು ಬದಲಾದರೆ ಬಳಕೆದಾರರು ತಾವಾಗಿ ಹಿಂದೆ ಬರುವುದಿಲ್ಲ, ಅವರನ್ನು ಒಬ್ಬೊಬ್ಬರಾಗಿ ಗಳಿಸಬೇಕು. ಹಣದ ವಿಷಯದಲ್ಲಿ ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದ ಕಥೆ ಆಶಾದಾಯಕ. 2012ರಲ್ಲಿ ಮೊಜಿಲ್ಲಾ ಅದರ ಮೇಲಿನ ಸಂಬಳದ ಕೆಲಸವನ್ನು ಕಡಿಮೆ ಮಾಡಿದ ಮೇಲೆ ಸ್ವಯಂಸೇವಕರು ತಮ್ಮಲ್ಲೇ ಒಂದು ಸಮಿತಿ ಆರಿಸಿಕೊಂಡು ಅದನ್ನು ಉಳಿಸಿಕೊಂಡರು. ಬಳಕೆದಾರರನ್ನೇ ನೇರವಾಗಿ ಕೇಳತೊಡಗಿದಾಗ ದೇಣಿಗೆ ಏರುತ್ತ ಹೋಗಿ, 2022ರಲ್ಲಿ 64 ಲಕ್ಷ ಡಾಲರ್ ದಾಟಿತು.

ಕನ್ನಡಕ್ಕೂ ಈ ಮಾತು ಅನ್ವಯಿಸುತ್ತದೆ, ಮತ್ತು ನಮ್ಮ ಸ್ಥಿತಿ ನನ್ನನ್ನು ಕಾಡುತ್ತದೆ. ಗ್ನೂ ಆಸ್ಪೆಲ್ ಕಾಗುಣಿತ ಪರೀಕ್ಷಕದ ಪದಕೋಶಗಳಲ್ಲಿ ಕನ್ನಡದ್ದೂ ಇದೆ. ಅದರ ಆವೃತ್ತಿ ಸಂಖ್ಯೆ 0.01, ತೀರಾ ಆರಂಭದ ಹಂತವನ್ನು ಸೂಚಿಸುವ ಸಂಖ್ಯೆ. ಕನ್ನಡದಲ್ಲಿ ಪದಪಟ್ಟಿಯೊಂದರಿಂದಲೇ ಕೆಲಸ ನಡೆಯುವುದಿಲ್ಲ. ಮನೆ ಎಂಬ ಒಂದು ಪದದಿಂದ ಮನೆಯಲ್ಲಿ, ಮನೆಯಿಂದಲೇ, ಮನೆಗಳಿಗೂ, ಮನೆಯವರೊಡನೆ ಎಂದು ರೂಪಗಳು ಹೊರಡುತ್ತಲೇ ಇರುತ್ತವೆ. ಅವನ್ನೆಲ್ಲ ಪಟ್ಟಿ ಮಾಡುವ ಬದಲು ಪ್ರತ್ಯಯಗಳು ಸೇರುವ ನಿಯಮಗಳನ್ನು ಬರೆಯಬೇಕು. ಆ ನಿಯಮದ ಕಡತ ಸಂಕೇತಗಳ ಸಾಲುಗಳಾಗಿರುತ್ತದೆ. ಎಕಾರಾಂತ ಪದಗಳ ಗುಂಪಿಗೆ ಯಾವ ಗುರುತು ಕೊಡಲಾಗಿದೆ, ಯಾವ ಪದಗಳನ್ನು ಅಪವಾದವಾಗಿ ಬಿಡಲಾಗಿದೆ, ಏಕೆ ಎಂಬುದನ್ನು ಬರೆದಿಡದೆ ಹೋದರೆ ಮುಂದೆ ಬರುವವರು ವ್ಯಾಕರಣ ಬಲ್ಲವರಾದರೂ ಮೊದಲಿನಿಂದ ಆರಂಭಿಸಬೇಕು. ಅನುವಾದದಲ್ಲಿಯೂ ಹೀಗೆಯೇ. ಫೈರ್‌ಫಾಕ್ಸ್‌ನ ಅನುವಾದ ನಡೆಯುವ ಪಾಂಟೂನ್‌ನಲ್ಲಿ ಯಾರು ಬೇಕಾದರೂ ಕನ್ನಡ ಸಾಲುಗಳನ್ನು ಸೂಚಿಸಬಹುದು, ಆದರೆ ಅವನ್ನು ಪರಿಶೀಲಿಸಿ ಒಪ್ಪುವ ಅಧಿಕಾರವಿರುವವರು ಸಕ್ರಿಯರಾಗಿರದಿದ್ದರೆ ಸಲಹೆಗಳು ಸಲಹೆಗಳಾಗಿಯೇ ಉಳಿಯುತ್ತವೆ. ಕನ್ನಡದ ತಂತ್ರಾಂಶ ಕೆಲಸಕ್ಕೆ ಸೇರಬಯಸುವವರು ಹೊಸ ಯೋಜನೆ ಹೂಡುವ ಮೊದಲು, ಈಗಾಗಲೇ ಇರುವ ಯಾವುದರಲ್ಲಿ ಪರಿಶೀಲಕರ ಜಾಗ ಖಾಲಿ ಇದೆಯೆಂದು ನೋಡಿದರೆ ಹೆಚ್ಚು ಉಪಕಾರವಾಗುತ್ತದೆ. ಐವತ್ತು ಸಾಲು ಹೊಸದಾಗಿ ಅನುವಾದಿಸುವುದಕ್ಕಿಂತ, ಬಿದ್ದಿರುವ ಐವತ್ತು ಸಾಲುಗಳನ್ನು ಓದಿ ತಿದ್ದಿ ಒಪ್ಪುವುದರಿಂದ ಇನ್ನೊಬ್ಬ ಅನುವಾದಕ ಉಳಿಯುತ್ತಾರೆ.

ಯೋಜನೆ ಮತ್ತೆ ನಡೆಯತೊಡಗಿದ ಮೇಲೆ ಮಾಡಬೇಕಾದ ಒಂದು ಕೆಲಸ ಸಾಮಾನ್ಯವಾಗಿ ಮರೆತುಹೋಗುತ್ತದೆ: ಈಗಿನವರು ದೂರವಾಗುವ ದಿನಕ್ಕೆ ನಿಯಮ ಬರೆದಿಡುವುದು. ಓಪನ್‌ಎಸ್‌ಎಸ್‌ಎಲ್ ತಂಡ 2017ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ನಿಗದಿತ ಅವಧಿಯವರೆಗೆ ಭಾಗವಹಿಸದ ಸದಸ್ಯರು ತಾವಾಗಿಯೇ ನಿಷ್ಕ್ರಿಯರ ಪಟ್ಟಿಗೆ ಹೋಗುತ್ತಿದ್ದರು, ಅವರ ಮತದಾನದ ಹಕ್ಕು ಅಷ್ಟು ಕಾಲ ತಡೆಯುತ್ತಿತ್ತು. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಯಾರೂ ಯಾರನ್ನೂ ಹೊರಗೆ ಹಾಕಬೇಕಾಗಿಯೂ ಇಲ್ಲ. ಇಬ್ಬರೇ ನಡೆಸುವ ಸಣ್ಣ ಯೋಜನೆಗೂ ಇಂಥದ್ದೊಂದು ಸಾಧ್ಯ: ಮೂರು ತಿಂಗಳು ನನ್ನಿಂದ ಉತ್ತರ ಬಾರದಿದ್ದರೆ ಕೀಲಿ ಇಂಥವರಿಗೆ, ಡೊಮೇನ್ ಇಂಥವರಿಗೆ, ಆವೃತ್ತಿ ಹೊರತರುವ ಕ್ರಮ ಈ ಕಡತದಲ್ಲಿದೆ ಎಂದು ಪರಿಚಯದ ಪುಟದಲ್ಲಿಯೇ ನಾಲ್ಕು ಸಾಲು ಬರೆದಿಟ್ಟರೆ, ಮುಂದೆ ಬರುವವರು ಹಳಬರನ್ನು ಹುಡುಕುವ ಆ ಆರು ವಾರಗಳು ಉಳಿತಾಯವಾಗುತ್ತವೆ.